ಹದಿಮೂರು ಸಾವಿರ ರೂಪಾಯಿಯ ಬೇಸ್‌ಬಾಲ್: ಡೊಂಬಿವಲಿಯಿಂದ ಒಂದು ಚಂದಾದಾರನ ವಿಮರ್ಶೆ

ನ್ಯೂಜೆರ್ಸಿಯಲ್ಲಿರುವ ಮಗಳು 2025ರ ಮಾರ್ಚಿನಲ್ಲಿ ನನ್ನ ಹೆಸರಿಗೆ ಎಂಎಲ್‌ಬಿ ಟಿವಿಯ ವರ್ಷದ ಚಂದಾ ಕಟ್ಟಿದಳು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲಿನ ಪಂದ್ಯಗಳನ್ನು ಲೀಗೇ ನೇರವಾಗಿ ಮನೆಗೆ ತಲುಪಿಸುವ ಸೇವೆ ಇದು. ಬೆಲೆ ಸುಮಾರು 150 ಡಾಲರು, ಅಂದರೆ ನಮ್ಮ ಹದಿಮೂರು ಸಾವಿರ ರೂಪಾಯಿಯಷ್ಟು. ಬ್ಯಾಂಕಿನಿಂದ ನಿವೃತ್ತನಾಗಿ, ಲೋಕಲ್ ಟ್ರೇನಿಗೆ ಓಡುವ ಅಗತ್ಯವೇ ಇಲ್ಲದಿದ್ದರೂ ನಾಲ್ಕೂವರೆಗೇ ಎಚ್ಚರವಾಗುವ ರೂಢಿ ಬಿಡದವನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಇರಲಿಲ್ಲ. ಇಡೀ ಒಂದು ಋತುವನ್ನು ನೋಡಿ ಮುಗಿಸಿದ ಮೇಲೆ, ಇದನ್ನು ಸ್ವಂತ ದುಡ್ಡಿನಲ್ಲಿ ನವೀಕರಿಸಬೇಕೇ ಎಂಬ ಪ್ರಶ್ನೆ ಈಗ ಎದುರಿಗಿದೆ. ಸೇವೆಯ ಬಗ್ಗೆ ನನಗೆ ಹೇಳಿಕೊಳ್ಳುವಂಥ ತಕರಾರಿಲ್ಲ. ಅನುಮಾನವಿದ್ದದ್ದು ಸರಕಿನ ಬಗ್ಗೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಒಂದು ಸಂಜೆ ಸಿಕ್ಕಿದ ಹಳೆಯ ಸಹೋದ್ಯೋಗಿಯೊಬ್ಬರು ಅದನ್ನೇ ಎತ್ತಿ ಆಡಿದರು: "ಹಣವಿದ್ದ ತಂಡವೇ ಗೆಲ್ಲುವುದಾದರೆ ಅದನ್ನು ನೋಡಲು ನೀವು ಯಾಕೆ ಹಣ ಕೊಡಬೇಕು ರಾಯರೇ?" ಆ ಸಂಜೆ ನನ್ನಲ್ಲಿ ಉತ್ತರವಿರಲಿಲ್ಲ.

ಮೊದಲು ಸೇವೆಯ ಮಾತು ಮುಗಿಸುತ್ತೇನೆ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ ಪಂದ್ಯಗಳು ಬೇಸಿಗೆಯಲ್ಲಿ ನಮಗೆ ಬೆಳಗಿನ 4:40ರ ಸುಮಾರಿಗೆ ಶುರುವಾಗುತ್ತವೆ. ಲಾಸ್ ಏಂಜಲೀಸಿನ ಪಂದ್ಯ 7:40ಕ್ಕೆ, ಅಂದರೆ ಎರಡನೆಯ ಲೋಟ ಕಾಫಿಯ ಹೊತ್ತಿಗೆ ಸರಿಯಾಗಿ. ಯಾವ ಪಂದ್ಯವನ್ನಾದರೂ ಆತಿಥೇಯ ತಂಡದ ವೀಕ್ಷಕ ವಿವರಣೆಯಲ್ಲಿ ನೋಡಬಹುದು, ಬೇಡವಾದರೆ ಎದುರಾಳಿಯ ವಿವರಣೆಗೆ ಬದಲಿಸಿಕೊಳ್ಳಬಹುದು. ನಿದ್ದೆ ಹೋಗಿ ತಪ್ಪಿಸಿಕೊಂಡ ಪಂದ್ಯವನ್ನು, ಎಸೆತಗಳ ನಡುವಿನ ಬಿಡುವನ್ನೆಲ್ಲ ಕತ್ತರಿಸಿದ ಸಂಕ್ಷಿಪ್ತ ರೂಪದಲ್ಲಿ ಆಮೇಲೆ ನೋಡಲೂ ಬರುತ್ತದೆ, ಫಲಿತಾಂಶ ಮೊದಲೇ ಕಣ್ಣಿಗೆ ಬೀಳದಂತೆ ಅಂಕಗಳನ್ನು ಮರೆಮಾಡುವ ಅನುಕೂಲವೂ ಇದೆ. ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಆಟ ಕಲಿಸಿಕೊಡುವ ಯಾವ ಏರ್ಪಾಡೂ ಇದರಲ್ಲಿಲ್ಲವಾದ್ದರಿಂದ ಮೊದಲ ತಿಂಗಳು ನನಗೆ ಮೊಮ್ಮಗನ ಪಾಠವೇ ಗತಿಯಾಯಿತು. ಮಳೆಗಾಲದಲ್ಲಿ ಚಿತ್ರ ನಿಂತುಹೋದ ಬೆಳಗುಗಳ ಪಾಪವನ್ನು ನಮ್ಮ ಬಡಾವಣೆಯ ಕೇಬಲ್‌ನವನ ತಲೆಗೆ ಕಟ್ಟುತ್ತೇನೆಯೇ ಹೊರತು ಈ ಸೇವೆಯ ತಲೆಗಲ್ಲ.

ಒಂದು ವಿಚಿತ್ರ ಸೌಲಭ್ಯವನ್ನು ಮಾತ್ರ ಬಿಡಿಸಿ ಹೇಳಬೇಕು, ಏಕೆಂದರೆ ಹಣದ ಕಥೆ ಶುರುವಾಗುವುದೇ ಅಲ್ಲಿಂದ. ಅಮೆರಿಕದಲ್ಲಿ ಇದೇ ಚಂದಾ ಕಟ್ಟಿದವರಿಗೆ ತಮ್ಮ ಊರಿನ ತಂಡದ ನೇರಪ್ರಸಾರ ಇದರಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಆ ಹಕ್ಕನ್ನು ತಂಡಗಳು ಸ್ಥಳೀಯ ವಾಹಿನಿಗಳಿಗೆ ಮಾರಿಕೊಂಡಿರುತ್ತವೆ. ಡೊಂಬಿವಲಿಯಲ್ಲಿ ಕುಳಿತ ನನಗೆ ಆ ತಡೆ ಇಲ್ಲ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 2013ರಲ್ಲಿ ಮಾಡಿಕೊಂಡ ಸ್ಥಳೀಯ ಪ್ರಸಾರದ ಒಪ್ಪಂದದ ಮೊತ್ತ 25 ವರ್ಷಕ್ಕೆ ಸುಮಾರು 835 ಕೋಟಿ ಡಾಲರು. ಮಿಲ್ವಾಕಿಯಂಥ ಸಣ್ಣ ಊರಿನ ತಂಡಕ್ಕೆ ಅಂಥ ಒಪ್ಪಂದ ಕನಸಿನಲ್ಲಿಯೂ ಬಾರದು. ನನ್ನಂಥವರು ಕೊಡುವ ಚಂದಾ ಹಣ ಲೀಗಿನ ಕೇಂದ್ರ ಖಾತೆಗೆ ಹೋಗಿ ಮೂವತ್ತು ತಂಡಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಆದರೆ ಊರಿನ ಟಿವಿ, ಊರಿನ ಟಿಕೆಟ್ಟು, ಊರಿನ ಜಾಹೀರಾತಿನ ಹಣ ಮುಖ್ಯವಾಗಿ ಆ ಊರಿನ ತಂಡಕ್ಕೇ ಸಲ್ಲುತ್ತದೆ. ಅಸಮಾನತೆಗೆ ಮೂಲ ಮಾಲೀಕರ ಜೇಬಿಗಿಂತ ಹೆಚ್ಚಾಗಿ ಊರಿನ ಜನಸಂಖ್ಯೆ.

ಈ ಲೀಗಿನಲ್ಲಿ ಒಂದು ತಂಡ ಇಷ್ಟೇ ಸಂಬಳ ಕೊಡಬೇಕೆಂಬ ಕಟ್ಟುನಿಟ್ಟಿನ ಮಿತಿ ಇಲ್ಲ. ಬದಲಿಗೆ ಒಂದು ಐಷಾರಾಮಿ ತೆರಿಗೆ ಇದೆ. 2025ರಲ್ಲಿ ಒಟ್ಟು ಸಂಬಳ 24.1 ಕೋಟಿ ಡಾಲರನ್ನು ದಾಟಿದ ತಂಡ, ದಾಟಿದಷ್ಟಕ್ಕೆ ತೆರಿಗೆ ಕಟ್ಟಬೇಕಿತ್ತು; ಮೇಲಿಂದ ಮೇಲೆ ಮೂರು ವರ್ಷ ದಾಟಿದವರಿಗೆ ದರ ಶೇಕಡ 50, ಬಹಳ ದೂರ ದಾಟಿದ ಭಾಗಕ್ಕೆ ಶೇಕಡ 110. ಅಂದರೆ ಆ ಹಂತದಲ್ಲಿ ಆಟಗಾರನಿಗೆ ಒಂದು ಡಾಲರು ಕೊಡಬೇಕಾದರೆ ತೆರಿಗೆಯಾಗಿ ಇನ್ನೂ ಒಂದು ಡಾಲರು ಹತ್ತು ಸೆಂಟು ತೆರಬೇಕು. ಇಷ್ಟಾದರೂ ಡಾಡ್ಜರ್ಸ್ ಹಿಂಜರಿಯಲಿಲ್ಲ. ಆ ವರ್ಷ ಅವರು ಕಟ್ಟಿದ ತೆರಿಗೆಯೇ ಹದಿನಾರೂವರೆ ಕೋಟಿ ಡಾಲರಿಗೂ ಹೆಚ್ಚು; ಮಯಾಮಿಯ ಮಾರ್ಲಿನ್ಸ್‌ನಂಥ ತಂಡ ತನ್ನ ಎಲ್ಲ ಆಟಗಾರರಿಗೂ ಸೇರಿಸಿ ಕೊಡುವ ವರ್ಷದ ಸಂಬಳ ಅದರ ಅರ್ಧಕ್ಕೂ ಮುಟ್ಟುವುದಿಲ್ಲ.

ಡಾಡ್ಜರ್ಸ್ ಸೇರಿದ ಜಪಾನಿನ ಆಟಗಾರ ಶೋಹೆ ಒಹ್ತಾನಿಯ ಒಪ್ಪಂದವನ್ನು ಓದುವಾಗ ನನ್ನೊಳಗಿನ ಬ್ಯಾಂಕ್ ಅಧಿಕಾರಿ ಎದ್ದು ಕುಳಿತ. 2023ರ ಡಿಸೆಂಬರಿನಲ್ಲಿ ಆದ ಆ ಒಪ್ಪಂದದ ಮುಖಬೆಲೆ ಹತ್ತು ವರ್ಷಕ್ಕೆ 70 ಕೋಟಿ ಡಾಲರು. ಆದರೆ ಆಡುವ ಹತ್ತು ವರ್ಷಗಳಲ್ಲಿ ಅವನ ಕೈಗೆ ಸಿಗುವುದು ವರ್ಷಕ್ಕೆ 20 ಲಕ್ಷ ಮಾತ್ರ. ಉಳಿದ 68 ಕೋಟಿಯನ್ನು 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ, ಕಂತಿನಲ್ಲಿ ಕೊಡುತ್ತಾರೆ. ಇಪ್ಪತ್ತು ವರ್ಷದ ನಂತರ ಬರುವ ರೂಪಾಯಿ ಇವತ್ತಿನ ರೂಪಾಯಿಯಲ್ಲ ಎಂಬುದು ಠೇವಣಿ ಇಟ್ಟ ಎಲ್ಲರಿಗೂ ಗೊತ್ತಿರುವ ವಿಷಯ. ಹಾಗಾಗಿ ತೆರಿಗೆಯ ಲೆಕ್ಕದಲ್ಲಿ ಅವನ ಸಂಬಳವನ್ನು ವರ್ಷಕ್ಕೆ 7 ಕೋಟಿ ಎಂದಲ್ಲ, ಸುಮಾರು 4.6 ಕೋಟಿ ಎಂದು ಹಿಡಿಯುತ್ತಾರೆ. ಇದರಲ್ಲಿ ಕಳ್ಳತನವೇನಿಲ್ಲ, ನಿಯಮ ಎಲ್ಲ ತಂಡಗಳಿಗೂ ಒಂದೇ. ಆದರೆ ಮೂವತ್ತು ವರ್ಷ ಸಾಲದ ಅರ್ಜಿಗಳನ್ನು ನೋಡಿದವನಾಗಿ ಹೇಳುತ್ತೇನೆ: ಮುಂದಿನ ದಶಕದ ಹೊರೆಯನ್ನು ಇಂದೇ ತಲೆಯ ಮೇಲೆ ಎಳೆದುಕೊಳ್ಳುವ ಧೈರ್ಯ, ಮುಂದಿನ ದಶಕದ ಆದಾಯ ಖಾತ್ರಿ ಇರುವವರಿಗೇ ಬರುತ್ತದೆ.

ಇಷ್ಟು ಓದಿದವರು ನನ್ನ ಸಹೋದ್ಯೋಗಿಯ ಪಕ್ಷ ವಹಿಸಿದರೆ ಆಶ್ಚರ್ಯವಿಲ್ಲ. ಡಾಡ್ಜರ್ಸ್ 2024ರಲ್ಲಿ ಗೆದ್ದರು, 2025ರಲ್ಲಿಯೂ ಗೆದ್ದರು. ಸತತವಾಗಿ ಎರಡು ವರ್ಷ ಪ್ರಶಸ್ತಿ ಉಳಿಸಿಕೊಂಡ ತಂಡ 1998ರಿಂದ 2000ದವರೆಗಿನ ನ್ಯೂಯಾರ್ಕ್ ಯಾಂಕೀಸ್ ನಂತರ ಇದೇ ಮೊದಲು. ನಾನೂ ಹಾಗೆಯೇ ತೀರ್ಮಾನಿಸುವವನಿದ್ದೆ, ನನ್ನ ಮೊಮ್ಮಗ ನ್ಯೂಯಾರ್ಕ್ ಮೆಟ್ಸ್ ತಂಡದ ಅಭಿಮಾನಿಯಾಗಿರದಿದ್ದರೆ.

ಮೆಟ್ಸ್ ತಂಡದ ಕಥೆ ಹಣವಂತರ ಅಹಂಕಾರಕ್ಕೆ ಔಷಧ. 2023ರಲ್ಲಿ ಅವರು ಲೀಗಿನ ಇತಿಹಾಸದಲ್ಲಿ ಅದುವರೆಗೆ ಯಾರೂ ಕೊಡದಷ್ಟು ಸಂಬಳ ಕೊಟ್ಟು, 162 ಪಂದ್ಯಗಳಲ್ಲಿ 87ನ್ನು ಸೋತರು. ಋತುವಿನ ನಡುವೆಯೇ ಕೈಚೆಲ್ಲಿ, ಮ್ಯಾಕ್ಸ್ ಶರ್ಜರ್ ಎಂಬ ದುಬಾರಿ ಪಿಚರನನ್ನು (ಚೆಂಡು ಎಸೆಯುವವನನ್ನು), ಅವನ ಸಂಬಳದ ದೊಡ್ಡ ಪಾಲನ್ನು ತಾವೇ ಹೊತ್ತು, ಟೆಕ್ಸಾಸ್ ರೇಂಜರ್ಸ್‌ಗೆ ಬಿಟ್ಟುಕೊಟ್ಟರು. ಆ ವರ್ಷದ ಪ್ರಶಸ್ತಿ ಟೆಕ್ಸಾಸ್‌ಗೆ ಹೋಯಿತು. ಮದುವೆಯ ಖರ್ಚು ಕೊಟ್ಟವರೊಬ್ಬರು, ಊಟಕ್ಕೆ ಕುಳಿತವರು ಇನ್ನೊಬ್ಬರು. ಮುಂದಿನ ವರ್ಷದ ಕೊನೆಗೆ ಹ್ವಾನ್ ಸೋಟೊ ಎಂಬ ಆಟಗಾರನಿಗೆ 15 ವರ್ಷಕ್ಕೆ 76.5 ಕೋಟಿ ಡಾಲರಿನ ಒಪ್ಪಂದ ಕೊಟ್ಟರು. ಪರಿಣಾಮ ನೋಡಲು ನಾನು 2025ರ ಸೆಪ್ಟೆಂಬರ್ 28ರ ರಾತ್ರಿ ಎಚ್ಚರವಾಗಿದ್ದೆ. ಲೀಗ್ ಹಂತದ ಕೊನೆಯ ದಿನ. ಗೆದ್ದಿದ್ದರೆ ಮೆಟ್ಸ್ ಪ್ಲೇಆಫ್‌ಗೆ ಹೋಗುತ್ತಿದ್ದರು, ಏಕೆಂದರೆ ಅವರೊಡನೆ ಪೈಪೋಟಿಯಲ್ಲಿದ್ದ ಸಿನ್ಸಿನಾಟಿ ಅದೇ ದಿನ ಸೋತಿತ್ತು. ಎದುರಾಳಿ ಮಾರ್ಲಿನ್ಸ್, ಲೀಗಿನಲ್ಲಿಯೇ ಅತಿ ಕಡಿಮೆ ಸಂಬಳ ಕೊಡುವ ತಂಡಗಳಲ್ಲೊಂದು. ಡೊಂಬಿವಲಿಯಲ್ಲಿ ಮಧ್ಯರಾತ್ರಿ ದಾಟಿ ಮುಕ್ಕಾಲು ಗಂಟೆಯ ಹೊತ್ತಿಗೆ ಶುರುವಾದ ಆ ಪಂದ್ಯವನ್ನು ಮಾರ್ಲಿನ್ಸ್ 4-0ಯಿಂದ ಗೆದ್ದರು. ಮೊಮ್ಮಗ ಫೋನಿನಲ್ಲಿ ಕೇಳಿದ: "ಅಜ್ಜ, ದುಡ್ಡಿದ್ದವರೇ ಗೆಲ್ಲೋದಾದ್ರೆ ನಾವ್ಯಾಕೆ ಸೋಲ್ತೀವಿ?" ಹನ್ನೊಂದು ವರ್ಷದ ಹುಡುಗನ ಪ್ರಶ್ನೆ ಮಾಟುಂಗಾದ ಪ್ರಶ್ನೆಗಿಂತ ಹರಿತವಾಗಿತ್ತು.

ಉತ್ತರದ ಒಂದು ಭಾಗ ಆಟದ ಸ್ವಭಾವದಲ್ಲಿದೆ. ಬೇಸ್‌ಬಾಲಿನಲ್ಲಿ ಬಹಳ ಒಳ್ಳೆಯ ತಂಡ ನೂರಕ್ಕೆ ಅರವತ್ತು ಪಂದ್ಯ ಗೆಲ್ಲುತ್ತದೆ, ಅಷ್ಟೆ. 2025ರ ಡಾಡ್ಜರ್ಸ್ ಲೀಗ್ ಹಂತದಲ್ಲಿ 93 ಗೆದ್ದು 69 ಸೋತರು, ಅಂದರೆ ನೂರಕ್ಕೆ 57. 2024ರಲ್ಲಿ 121 ಪಂದ್ಯ ಸೋತು ಆಧುನಿಕ ಕಾಲದ ದಾಖಲೆ ಬರೆದ ಶಿಕಾಗೊ ವೈಟ್ ಸಾಕ್ಸ್ ಕೂಡ 41 ಗೆದ್ದರು. (ಶಿಕಾಗೊ ಸಣ್ಣ ಊರಲ್ಲ ಎಂಬುದನ್ನೂ ಗಮನಿಸಬೇಕು; ದಡ್ಡತನಕ್ಕೆ ಬಡತನವೇ ಬೇಕೆಂದಿಲ್ಲ.) ಒಬ್ಬ ಒಹ್ತಾನಿ ಎಷ್ಟೇ ದೊಡ್ಡವನಾದರೂ ಬ್ಯಾಟಿಂಗಿಗೆ ಒಂಬತ್ತರಲ್ಲಿ ಒಂದೇ ಸಲ ಬರುತ್ತಾನೆ. ಕ್ರಿಕೆಟ್ಟಿನಲ್ಲಿ ಸೆಟ್ ಆದ ಬ್ಯಾಟರ್ ಇಡೀ ದಿನ ಆಡಬಹುದು. ಇಲ್ಲಿ ಎಷ್ಟು ದುಬಾರಿ ಆಟಗಾರನೂ ತನ್ನ ಸರದಿ ಮುಗಿಸಿ ಎಂಟು ಜನರ ಹಿಂದೆ ಹೋಗಿ ನಿಲ್ಲಬೇಕು. ಆದ್ದರಿಂದ ಹಣ ಕೊಳ್ಳುವುದು ಪ್ರಶಸ್ತಿಯನ್ನಲ್ಲ, ಹನ್ನೆರಡು ತಂಡಗಳ ಪ್ಲೇಆಫ್‌ಗೆ ವರ್ಷ ವರ್ಷವೂ ಹೋಗುವ ಅವಕಾಶವನ್ನು. 2001ರಿಂದ 2025ರವರೆಗಿನ ಇಪ್ಪತ್ತೈದು ವರ್ಷಗಳಲ್ಲಿ ಹದಿನಾರು ಬೇರೆ ಬೇರೆ ತಂಡಗಳು ಪ್ರಶಸ್ತಿ ಗೆದ್ದಿವೆ, ಅವುಗಳಲ್ಲಿ 2015ರಲ್ಲಿ ಗೆದ್ದ, ಸಣ್ಣ ಊರಿನ ಕಾನ್ಸಾಸ್ ಸಿಟಿಯೂ ಒಂದು.

2025ರ ನವೆಂಬರ್ 2ರ ಭಾನುವಾರದ ಬೆಳಗನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಪ್ರಶಸ್ತಿ ತೀರ್ಮಾನಿಸುವ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್‌ನಲ್ಲಿ ಡಾಡ್ಜರ್ಸ್‌ಗೂ ಟೊರೊಂಟೊಗೂ ನಡುವಿನ ಏಳನೆಯ ಪಂದ್ಯ ನಮಗೆ ಐದೂವರೆಗೆ ಶುರುವಾಯಿತು. ರಾತ್ರಿಗೆ ನವಿ ಮುಂಬಯಿಯಲ್ಲಿ ನಮ್ಮ ಹುಡುಗಿಯರು ಏಕದಿನ ವಿಶ್ವಕಪ್ ಗೆದ್ದ ದಿನವೂ ಅದೇ, ಆ ದಿನ ನಮ್ಮ ಟಿವಿಗೆ ವಿಶ್ರಾಂತಿ ಇರಲಿಲ್ಲ. ನಿಗದಿಯಂತೆ ಕೊನೆಯದಾದ ಒಂಬತ್ತನೆಯ ಇನಿಂಗ್ಸಿನಲ್ಲಿ ಟೊರೊಂಟೊ ಗೆಲುವಿಗೆ ಇನ್ನು ಇಬ್ಬರನ್ನು ಔಟ್ ಮಾಡಿದರೆ ಸಾಕಿತ್ತು. ಆಗ ಹೋಮ್ ರನ್, ಅಂದರೆ ನಮ್ಮ ಸಿಕ್ಸರಿನಂಥ ಹೊಡೆತ, ಹೊಡೆದು ಸಮ ಮಾಡಿದವನು ಒಹ್ತಾನಿಯಲ್ಲ, ಮಿಗೆಲ್ ರೋಹಾಸ್ ಎಂಬ ಮೂವತ್ತಾರು ವರ್ಷದ, ಹೋಮ್ ರನ್ನಿಗೆ ಹೆಸರಾಗಿಲ್ಲದ, ಆ ತಂಡದ ಲೆಕ್ಕದಲ್ಲಿ ಅಗ್ಗದ ಆಟಗಾರ. ಹನ್ನೊಂದನೆಯ ಇನಿಂಗ್ಸಿನಲ್ಲಿ 5-4ರಿಂದ ಪಂದ್ಯ ಮುಗಿಸಿದವನು ಮಾತ್ರ 32.5 ಕೋಟಿ ಡಾಲರಿನ ಯೋಶಿನೊಬು ಯಮಮೊಟೊ, ಅದೂ ಹಿಂದಿನ ದಿನವಷ್ಟೇ 96 ಎಸೆತ ಎಸೆದು ದಣಿದ ತೋಳಿನಲ್ಲಿ. ಹಣ ಗೆಲ್ಲಿಸಿತೋ ಅದೃಷ್ಟ ಗೆಲ್ಲಿಸಿತೋ ಎಂದು ಕೇಳಿದರೆ, ಆ ಪಂದ್ಯವನ್ನು ನಾಲ್ಕು ಗಂಟೆ ನೋಡಿದ ನನಗೂ ಬೇರ್ಪಡಿಸಿ ಹೇಳಲಾಗುವುದಿಲ್ಲ.

ಎಲ್ಲರಿಗೂ ಒಂದೇ ಮೊತ್ತ ಕೊಟ್ಟರೆ ಸಮಾನತೆ ಬರುತ್ತದೆಯೇ? ನಮ್ಮ ಐಪಿಎಲ್ ಆ ಪ್ರಯೋಗವನ್ನು ಮಾಡಿ ತೋರಿಸಿದೆ. 2025ರ ಋತುವಿಗೆ ಹತ್ತೂ ತಂಡಗಳಿಗೆ 120 ಕೋಟಿ ರೂಪಾಯಿಯ ಒಂದೇ ಥೈಲಿ. ಆದರೂ 2008ರಿಂದ 2025ರವರೆಗಿನ ಹದಿನೆಂಟು ಪ್ರಶಸ್ತಿಗಳಲ್ಲಿ ಮುಂಬಯಿ ಐದು, ಚೆನ್ನೈ ಐದು, ಕೋಲ್ಕತ್ತ ಮೂರು ಕೊಂಡೊಯ್ದವು, ನಮ್ಮ ಬೆಂಗಳೂರಿನವರು ಒಂದಕ್ಕಾಗಿ ಹದಿನೆಂಟು ವರ್ಷ ಕಾದರು. ಹಣದ ಮಾತೇ ಇಲ್ಲದ ಕಾಲಕ್ಕೆ ಹೋದರೂ ಕಥೆ ಅದೇ: ರಣಜಿಯಲ್ಲಿ ಮುಂಬಯಿ 1958-59ರಿಂದ ಸತತ ಹದಿನೈದು ವರ್ಷ ಗೆದ್ದಿತು. ಅದನ್ನು ಮುರಿದವರು 1974ರಲ್ಲಿ ಬೆಂಗಳೂರಿನ ಸೆಮಿಫೈನಲಿನಲ್ಲಿ ಪ್ರಸನ್ನ, ವಿಶ್ವನಾಥರಿದ್ದ ಕರ್ನಾಟಕದವರು. ಆ ಸುದ್ದಿ ಬಂದ ದಿನ ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ನಗು ಬಚ್ಚಿಟ್ಟುಕೊಳ್ಳಲು ಪಟ್ಟ ಪಾಡನ್ನು ನಮ್ಮ ತಂದೆ ಹೇಳುತ್ತಿದ್ದರು. ಮುಂಬಯಿಗೆ ಆಗ ಹಣವಲ್ಲ, ಮೈದಾನಗಳಿದ್ದವು, ಕಾಂಗಾ ಲೀಗಿತ್ತು, ಆಟಗಾರರಿಗೆ ನೌಕರಿ ಕೊಡುವ ಕಂಪನಿಗಳಿದ್ದವು. ಟೈಮ್ಸ್ ಶೀಲ್ಡ್‌ಗಾಗಿ ಆಡುವ ಆಫೀಸು ತಂಡಗಳಲ್ಲಿ ನಿರ್ಲಾನ್ ಪರವಾಗಿ ಗಾವಸ್ಕರ್ ಇಳಿಯುತ್ತಿದ್ದ ಊರಿನಲ್ಲಿ, ನಮ್ಮ ಶಾಖೆಯ ಕ್ಲರ್ಕುಗಳು ಕೆಳಗಿನ ಡಿವಿಷನ್ನಿನಲ್ಲಿ ಆಡಿ ಸಂತೋಷವಾಗಿಯೇ ಇದ್ದರು.

ಹಾಗಾದರೆ ಅನ್ಯಾಯವಿಲ್ಲವೇ ಎಂದರೆ, ಇದೆ, ಆದರೆ ಅದು ಪ್ರಶಸ್ತಿಯ ಪಟ್ಟಿಯಲ್ಲಿ ಕಾಣುವಂಥದ್ದಲ್ಲ. ಅದನ್ನು ನೋಡಲು ಮಿಲ್ವಾಕಿ ಬ್ರೂವರ್ಸ್ ತಂಡವನ್ನು ಹಿಂಬಾಲಿಸಬೇಕು, ಮತ್ತು ಈ ಚಂದಾ ನನಗೆ ಕೊಟ್ಟ ದೊಡ್ಡ ಲಾಭವೆಂದರೆ ಅದೇ ತಂಡ. ಲೀಗಿನ ಅತಿ ಚಿಕ್ಕ ಮಾರುಕಟ್ಟೆಯ ಈ ತಂಡ 2025ರಲ್ಲಿ 97 ಪಂದ್ಯ ಗೆದ್ದು ಎಲ್ಲರಿಗಿಂತ ಮುಂದಿತ್ತು. ಡಾಡ್ಜರ್ಸ್ ವಿರುದ್ಧ ಲೀಗ್ ಹಂತದ ಆರೂ ಪಂದ್ಯಗಳನ್ನು ಗೆದ್ದಿತ್ತು. ಅಕ್ಟೋಬರಿನಲ್ಲಿ ಅದೇ ಡಾಡ್ಜರ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತಿತು. ಕೊನೆಯ ಪಂದ್ಯದಲ್ಲಿ ಒಹ್ತಾನಿ ಒಬ್ಬನೇ ಮೂರು ಹೋಮ್ ರನ್ ಹೊಡೆದು, ಪಿಚರನಾಗಿ ಹತ್ತು ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಸೋಲನ್ನು ನಾನು ಅನ್ಯಾಯವೆನ್ನುವುದಿಲ್ಲ, ಅನ್ಯಾಯ ಇರುವುದು ಮೈದಾನದ ಹೊರಗೆ. ಈ ತಂಡವನ್ನು ಬುದ್ಧಿಯಿಂದ ಕಟ್ಟಿದ ಡೇವಿಡ್ ಸ್ಟರ್ನ್ಸ್ 2023ರಲ್ಲಿ ಮೆಟ್ಸ್‌ನ ಆಡಳಿತಕ್ಕೆ ಹೋದರು. ತರಬೇತಿ ನಡೆಸಿದ ಮ್ಯಾನೇಜರ್ ಕ್ರೇಗ್ ಕೌನ್ಸೆಲ್‌ರನ್ನು ಅದೇ ವರ್ಷ ನೆರೆಯ ಶಿಕಾಗೊ ಕಬ್ಸ್ ಐದು ವರ್ಷಕ್ಕೆ 4 ಕೋಟಿ ಡಾಲರು ಕೊಟ್ಟು ಕರೆದೊಯ್ದಿತು. ಡಾಡ್ಜರ್ಸ್‌ನ ಆಡಳಿತ ನಡೆಸುವ ಆಂಡ್ರೂ ಫ್ರೀಡ್‌ಮನ್ ಕೂಡ ಹಿಂದೆ ಟ್ಯಾಂಪಾ ಬೇಯಂಥ ಬಡ ತಂಡವನ್ನು 2008ರಲ್ಲಿ ವರ್ಲ್ಡ್ ಸೀರೀಸ್‌ವರೆಗೆ ತಂದವರು. ಬಡವನ ಕೈಯಲ್ಲಿದ್ದ ಒಂದೇ ಆಯುಧ ಬುದ್ಧಿ, ಅದೂ ಸಂಬಳಕ್ಕೆ ಸಿಗುತ್ತದೆ. ಆಟಗಾರರ ಸಂಬಳಕ್ಕೆ ಹಾಕಿದ ತೆರಿಗೆ ಆಡಳಿತಗಾರರ, ವಿಶ್ಲೇಷಕರ, ವೈದ್ಯರ ಸಂಬಳವನ್ನು ಮುಟ್ಟುವುದಿಲ್ಲ. ಆಟಗಾರನೂ ಮೊದಲ ಆರು ವರ್ಷ ಬೆಳೆಸಿದ ತಂಡದಲ್ಲಿ ಕಡಿಮೆ ಸಂಬಳಕ್ಕೆ ಆಡಿ, ಸ್ವತಂತ್ರನಾಗುವ ಹೊತ್ತಿಗೆ ದೊಡ್ಡ ಊರಿನ ದಾರಿ ಹಿಡಿಯುತ್ತಾನೆ. ಪಿಟ್ಸ್‌ಬರ್ಗ್ ಬೆಳೆಸಿದ ಗೆರಿಟ್ ಕೋಲ್ ಕೊನೆಗೆ 32.4 ಕೋಟಿ ಡಾಲರಿಗೆ ಯಾಂಕೀಸ್ ಸೇರಿದ. ಗಿಡ ನೆಟ್ಟವರು ನೀರು ಹಾಕುತ್ತಲೇ ಇರಬೇಕು, ಕಾಯಿ ಕೊಯ್ಯುವವರು ದೋಟಿ ಹಿಡಿದು ಬೇಲಿಯಾಚೆ ಕಾಯುತ್ತಿರುತ್ತಾರೆ.

ಆದರೆ ಎಲ್ಲ ಬಡ ತಂಡಗಳೂ ಮಿಲ್ವಾಕಿಯಲ್ಲ. ಪ್ರತಿ ತಂಡವೂ ತನ್ನ ಸ್ಥಳೀಯ ಆದಾಯದ ಶೇಕಡ 48ನ್ನು ಒಂದು ಕೊಪ್ಪರಿಗೆಗೆ ಹಾಕಿ, ಅದನ್ನು ಮೂವತ್ತು ತಂಡಗಳೂ ಸಮನಾಗಿ ಹಂಚಿಕೊಳ್ಳುವ ಪದ್ಧತಿ ಇಲ್ಲಿದೆ. ಪಡೆದ ಹಣವನ್ನು ತಂಡಕ್ಕೆ ಖರ್ಚು ಮಾಡುತ್ತಿಲ್ಲವೆಂದು ಮಯಾಮಿ, ಓಕ್‌ಲ್ಯಾಂಡ್, ಪಿಟ್ಸ್‌ಬರ್ಗ್, ಟ್ಯಾಂಪಾ ಬೇ ತಂಡಗಳ ವಿರುದ್ಧ ಆಟಗಾರರ ಸಂಘವೇ 2018ರಲ್ಲಿ ದೂರು ಸಲ್ಲಿಸಿತ್ತು. ಮೇಲಿನ ಮಿತಿಯ ಬಗ್ಗೆ ಗಂಟಲು ಹರಿದುಕೊಳ್ಳುವ ಮಾಲೀಕರು ಕನಿಷ್ಠ ಇಷ್ಟಾದರೂ ಸಂಬಳ ಕೊಡಬೇಕೆಂಬ ಕೆಳಗಿನ ಮಿತಿಯ ಮಾತು ಬಂದಾಗ ಯಾಕೆ ದನಿ ತಗ್ಗಿಸುತ್ತಾರೆಂಬುದು ನನ್ನ ಪ್ರಶ್ನೆ. 2008ರಲ್ಲಿ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಉತ್ತರ ಪ್ರದೇಶದ ಇಬ್ಬರು ಹುಡುಗರನ್ನು ಸೇರಿಸಿಕೊಂಡದ್ದಕ್ಕಾಗಿ ಪಿಟ್ಸ್‌ಬರ್ಗ್ ತಂಡದ ಮೇಲೆ ನನಗೆ ಮೃದು ಭಾವನೆಯಿದೆ. ಆದರೆ 2015ರ ನಂತರ ಒಮ್ಮೆಯೂ ಪ್ಲೇಆಫ್ ಕಾಣದ ಆ ತಂಡದ ಪಂದ್ಯಗಳನ್ನು ನಾನು ಜೂನ್ ಹೊತ್ತಿಗೆ ನೋಡುವುದನ್ನೇ ಬಿಟ್ಟೆ.

ಸಂಬಳಕ್ಕೆ ಗಟ್ಟಿ ಮಿತಿ ಹಾಕಿದರೆ ಆಗದೇ? 1994ರಲ್ಲಿ ಮಾಲೀಕರು ಅದನ್ನೇ ಕೇಳಿದರು. ಆಟಗಾರರು ಆಗಸ್ಟ್ 12ರಿಂದ ಮುಷ್ಕರ ಹೂಡಿದರು, ಆ ವರ್ಷದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. 1975ರವರೆಗೂ ಆಟಗಾರನೊಬ್ಬ ಒಪ್ಪಂದ ಮುಗಿದರೂ ಹಳೆಯ ತಂಡಕ್ಕೇ ಕಟ್ಟುಬಿದ್ದಿರಬೇಕಾಗಿದ್ದ ಪದ್ಧತಿಯನ್ನು ಹೋರಾಡಿ ಮುರಿದವರು ಅವರು. ಮಿತಿಯೆಂದರೆ ಅವರಿಗೆ ನ್ಯಾಯದ ಹೆಸರಿನಲ್ಲಿ ಬರುವ ಸಂಬಳ ಕಡಿತ. ಯೂನಿಯನ್ನಿನ ಧ್ವಜ ಹಿಡಿದು ನಡೆದ ನನಗೆ ಅವರ ಅನುಮಾನ ಅರ್ಥವಾಗುತ್ತದೆ. ದ್ವಿಪಕ್ಷೀಯ ಒಪ್ಪಂದದಿಂದಾಗಿ ನಮ್ಮ ಸರಕಾರಿ ಬ್ಯಾಂಕುಗಳಲ್ಲೆಲ್ಲ ಒಂದೇ ಸಂಬಳವಿತ್ತು. ಹಾಗೆಂದು ಎಲ್ಲ ಬ್ಯಾಂಕುಗಳೂ ಒಂದೇ ಗುಣಮಟ್ಟದವಾಗಿದ್ದವೇ?

ನವೀಕರಿಸುತ್ತೇನೆ. ದಿನಕ್ಕೊಂದು ಪಂದ್ಯ ನೋಡುವವರಿಗೆ 150 ಡಾಲರು ಹೆಚ್ಚಲ್ಲ, ಮತ್ತು ಆ ಒಂದು ಪಂದ್ಯದ ಮಟ್ಟಿಗೆ ಈ ಆಟ ನಾನು ನೋಡಿದ ಯಾವ ಲೀಗಿಗೂ ಕಡಿಮೆಯಿಲ್ಲದಷ್ಟು ಮುಕ್ತವಾಗಿದೆ. ಪ್ರಶಸ್ತಿ ಯಾರಿಗೆಂಬ ಕುತೂಹಲಕ್ಕೆ ಮಾತ್ರ ನೋಡುವವರು ಅಕ್ಟೋಬರಿನವರೆಗೆ ಕಾಯಲಿ, ಇಡೀ ವರ್ಷದ ಚಂದಾ ಅವರಿಗೆ ದಂಡ. ಹೊಸಬರು ಡಾಡ್ಜರ್ಸ್‌ನಿಂದ ಶುರು ಮಾಡದೆ ಮಿಲ್ವಾಕಿಯಿಂದ ಶುರು ಮಾಡಿದರೆ ಆಟ ಬೇಗ ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಮಾಲೀಕರಿಗೂ ಆಟಗಾರರಿಗೂ ನಡುವಿನ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ, ಸಂಬಳದ ಮಿತಿಯ ಜಗಳ ಮತ್ತೆ ಮೇಜಿಗೆ ಬರಲಿದೆ. ಕಳೆದ ಸಲ ಒಪ್ಪಂದ ಮುಗಿದಾಗ ಲೀಗು 99 ದಿನ ಬಾಗಿಲು ಮುಚ್ಚಿತ್ತು. ಆದ್ದರಿಂದ 2027ರ ಚಂದಾವನ್ನು ಯಾರಾದರೂ ಮುಂಗಡ ಕಟ್ಟಲು ಹೇಳಿದರೆ ಕಟ್ಟಬೇಡಿ, ಏಪ್ರಿಲಿನಲ್ಲಿ ಮೊದಲ ಎಸೆತ ಬಿದ್ದದ್ದನ್ನು ನೋಡಿ ಆಮೇಲೆ ಕಟ್ಟಿ. ಮಗಳಿಗೂ ಹಾಗೆಯೇ ಹೇಳಿದ್ದೇನೆ.